ಮರ ತಟ್ಟುವ ಬೀದಿ

ಜನವರಿ ೧೨

ಅಕ್ಕ,

ತಲುಪಿದೆ. ನಿನ್ನ ಮನೆಯ ಬೀಗ ತೆಗೆಯುವುದರಲ್ಲೇ ಅರ್ಧ ಬೆಳಗು ಕಳೆಯಿತು. ಕೀಲಿ ಹಾಕಿ, ಬಾಗಿಲನ್ನು ನಮ್ಮ ಕಡೆ ಎಳೆದು ಹಿಡಿದು, ಆಮೇಲೆ ತಿರುಗಿಸಬೇಕು ಎಂದು ನೀನು ಹೇಳಿರಲಿಲ್ಲ. ನನ್ನ ಗುದ್ದಾಟ ನೋಡಲಾರದೆ ಎದುರಿನ ಚಪ್ಪಲಿ ರಿಪೇರಿಯವನು ಎದ್ದು ಬಂದ. ಬಂದವನು ಮೊದಲು ಚೌಕಟ್ಟಿನ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿದ. ನಾನು ತಿರುಗಿ ಅವನ ಮುಖ ನೋಡಿದ ಮೇಲೆ ಹೇಳಿದ: "ಎಳ್ಕೊಂಡು ತಿರುಗಿಸ್ಬೇಕು. ನಿಮ್ಮಕ್ಕ ಒಂದೇ ಕೈಲಿ ತೆಗೀತಿದ್ರು."

ಇದು ಈ ಬೀದಿಯಲ್ಲಿ ನಾನು ಕೇಳಿದ ಮೊದಲನೆಯ "ನಿಮ್ಮಕ್ಕ". ಸಂಜೆಯೊಳಗೆ ಲೆಕ್ಕ ತಪ್ಪಿತು. ಬೇಕರಿಯವಳು, "ನಿಮ್ಮಕ್ಕ ಹಿಂದಿನ ದಿನದ ಬ್ರೆಡ್ಡೇ ಕೇಳಿ ತಗೋತಿದ್ರು, ಚೆನ್ನಾಗಿ ಕೊಯ್ಯಕ್ಕೆ ಬರುತ್ತೆ ಅಂತ" ಎಂದಳು. ಇಸ್ತ್ರಿಯವನು, "ನಿಮ್ಮಕ್ಕನ ಬಟ್ಟೆ ಅಂದ್ರೆ ಮಡಿಕೆ ಮೇಲೆ ಮಡಿಕೆ, ನನಗೆ ಅರ್ಧ ಕೆಲ್ಸ ಕಮ್ಮಿ" ಎಂದು ನನ್ನ ಗಂಟನ್ನು ಎರಡೇ ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟ. ನೀನು ಊರು ಬಿಟ್ಟು ಹೋಗಿದ್ದೀಯೋ, ಅಥವಾ ಈ ಅಂಗಡಿಗಳ ಹಿಂದೆ ಎಲ್ಲೋ ನಿಂತಿದ್ದೀಯೋ ಗೊತ್ತಾಗುವುದಿಲ್ಲ.

ಇನ್ನೊಂದು ವಿಚಿತ್ರ. ಇಲ್ಲಿ ಎಲ್ಲರೂ ಮಾತಿಗೆ ಮುಂಚೆ ಮರ ತಟ್ಟುತ್ತಾರೆ. ಬೇಕರಿಯವಳು ಗಲ್ಲಾದ ಮೇಲೆ, ಇಸ್ತ್ರಿಯವನು ಮೇಜಿನ ಕಾಲಿಗೆ. ಇದೇನು ಈ ಬೀದಿಯ ಶಿಷ್ಟಾಚಾರವೇ?

ನಿಲ್ದಾಣದಲ್ಲಿ ನನ್ನ ಜಾಗದಲ್ಲಿ ಈಗ ಟೇಪು ಮಾತಾಡುತ್ತದೆ, ನಿನಗೆ ಗೊತ್ತು. ಬರುವಾಗ ಕೇಳಿಸಿಕೊಂಡೆ. ನನ್ನದೇ ದನಿ. ಯಾವ ರೈಲು ಯಾವ ಪ್ಲಾಟ್‌ಫಾರಂ ಎಂದು ಎಷ್ಟು ಸಮಾಧಾನವಾಗಿ ಹೇಳುತ್ತದೆ ಎಂದರೆ, ನನಗೇ ಅದರ ಮೇಲೆ ಹೊಟ್ಟೆ ಉರಿಯಿತು. ದನಿಗೆ ಕೆಲಸ ಉಳಿದಿದೆ, ನನಗೆ ಉಳಿದಿಲ್ಲ.

ಹೊಸ ಮನೆ ಹೇಗಿದೆ? ಅಲ್ಲಿ ಫೋನ್ ಲೈನು ಸರಿಯಿಲ್ಲ ಎಂದಿದ್ದೆ, ಅದಕ್ಕೇ ಪತ್ರ. ವಿವರವಾಗಿ ಬರೆ. ಭಾವನನ್ನು ಕೇಳಿದೆ ಎಂದು ಹೇಳು.

ತಂಗಿ


ಜನವರಿ ೨೬

ತುತ್ತೂರಿ,

ಬೀಗದ ವಿಷಯ ಹೇಳದೆ ಬಂದದ್ದು ನಿಜ. ಹದಿನೈದು ವರ್ಷ ತೆಗೆದ ಬೀಗ ಕೈಗೆ ಗೊತ್ತಿರುತ್ತದೆ, ಬಾಯಿಗೆ ಗೊತ್ತಿರುವುದಿಲ್ಲ. ತಟ್ಟುವುದು ಆ ಬೀದಿಯವರ ಅಭ್ಯಾಸ. ರೂಢಿಯಾಗುತ್ತದೆ.

ನಮ್ಮದು ನಾಲ್ಕನೆಯ ಮಹಡಿ. ಕಿಟಕಿಗೆ ಬಂದರು ಕಾಣುತ್ತದೆ. ನಿನ್ನ ಭಾವ ನಡೆಸುವುದು ಹಳದಿ ಕ್ರೇನು. ಬೆಳಿಗ್ಗೆ ಅದರ ಕೊಕ್ಕು ಮೇಲೆದ್ದರೆ ಅವರು ಕೆಲಸಕ್ಕೆ ಕೂತರು ಎಂದು ನನಗೆ ತಿಳಿಯುತ್ತದೆ. ಬೀದಿಯ ಆ ತುದಿಯಲ್ಲಿ ನಗರಸಭೆಯ ಈಜುಕೊಳ. ಮಧ್ಯಾಹ್ನ ವಯಸ್ಸಾದ ಹೆಂಗಸರು ಬಿಳಿ ಟೋಪಿ ಹಾಕಿಕೊಂಡು ಸಾಲಾಗಿ ಇಳಿಯುತ್ತಾರೆ. ಪಕ್ಕದಲ್ಲಿ ಗ್ರಂಥಾಲಯ, ಎರಡು ಮಹಡಿಯದು, ಗಾಜಿನ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದೆ. ನಮ್ಮ ಮೆಟ್ಟಿಲ ಬುಡದಲ್ಲೇ ಗಡಿಯಾರ ರಿಪೇರಿ ಅಂಗಡಿ, ಕೆಂಪು ಅಕ್ಷರದ ಬೋರ್ಡು. ಎದುರಿಗೆ ಹೂಗಿಡಗಳ ಅಂಗಡಿ. ಇಷ್ಟೆಲ್ಲ ಕಾಲಳತೆಯಲ್ಲಿ. ನಮ್ಮ ಹಳೆಯ ಬೀದಿಯಲ್ಲಿ ಏನಿತ್ತು ಎಂದು ಈಗ ಆಶ್ಚರ್ಯವಾಗುತ್ತದೆ.

ಆ ಬೀದಿಯ ವಾಚನಾಲಯಕ್ಕೆ ನೀನು ಹೋದರೆ, ಕಿಟಕಿ ಪಕ್ಕದ ಮೇಜಿನಲ್ಲಿ ಹರಿದ ಪುಸ್ತಕಗಳು ಇರುತ್ತವೆ. ಅವುಗಳನ್ನು ಸರಿಪಡಿಸುತ್ತಿದ್ದವಳು ನಾನು. ಎರಡು ವರ್ಷದಲ್ಲಿ ಬರುತ್ತೇನೆ, ಹಾಗೇ ಇರಲಿ ಎಂದು ಗ್ರಂಥಪಾಲಕರಿಗೆ ಹೇಳಿ ಬಂದಿದ್ದೇನೆ. ನೀನು ಮತ್ತೆ ಹೇಳುವ ಅಗತ್ಯವಿಲ್ಲ.

ಅಕ್ಕ


ಫೆಬ್ರವರಿ ೧೮

ಅಕ್ಕ,

ನಿನ್ನ ಪತ್ರ ಓದಿ ಒಂದು ದಿನ ನನ್ನ ಮುಖ ಊದಿಕೊಂಡಿತ್ತು. ಈಜುಕೊಳ, ತಾನಾಗಿಯೇ ತೆರೆಯುವ ಬಾಗಿಲು, ಬಂದರು. ನಿನಗೆ ಎಲ್ಲಿ ಹೋದರೂ ಕಿಟಕಿ ಪಕ್ಕದ ಸೀಟು. ನನಗೆ ನೀನು ಎದ್ದುಹೋದ ಸೀಟು, ಅದೂ ನಿನ್ನ ಹೆಸರು ಬರೆದಿಟ್ಟದ್ದು. ಚಿಕ್ಕಂದಿನಲ್ಲಿ ನಿನ್ನ ಫ್ರಾಕುಗಳು ನನಗೆ ಬರುತ್ತಿದ್ದವಲ್ಲ, ಹಾಗೆ.

ಇರಲಿ. ನೀನು ಹೇಳಬೇಡ ಎಂದರೂ ವಾಚನಾಲಯಕ್ಕೆ ಹೋದೆ. ಗ್ರಂಥಪಾಲಕರು ಮೇಜು ತಟ್ಟಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿಮಗೂ ಆ ಕೈ ಇದ್ಯಾ?" ಎಂದರು. "ಬಾಯಿದೆ ಸಾರ್, ಕೈ ನೋಡ್ಬೇಕು" ಎಂದೆ. ನಕ್ಕರು. ಅವರು ನಗುವುದನ್ನು ಯಾರೂ ನೋಡಿರಲಿಲ್ಲವಂತೆ. ಪತ್ರಿಕೆ ಓದುತ್ತಿದ್ದ ಒಬ್ಬ ಮುದುಕರು ತಲೆಯೆತ್ತಿದರು. ಹಾಗೆ ನಾನು ಆ ಮೇಜಿಗೆ ಕೂತೆ. ಹಾಗೇ ಬಿಟ್ಟಿದ್ದರೆ ಪುಸ್ತಕಗಳು ಧೂಳು ತಿನ್ನುತ್ತಿದ್ದವು ಅಕ್ಕ.

ಕೂತ ಮೇಲೆ ಸಾಮಾನು ಬೇಕಲ್ಲ. ನಿನ್ನ ಡ್ರಾಯರಿನಲ್ಲಿ ಕೆಲವು ರಟ್ಟಿನ ಚೂರು ಬಿಟ್ಟರೆ ಏನೂ ಇರಲಿಲ್ಲ. ನಾನು ಬೀದಿ ಹಿಡಿದು ಕೇಳುತ್ತಾ ಹೋದೆ. ದರ್ಜಿಯ ಹತ್ತಿರ ಏನಿದೆ ಗೊತ್ತೇ? ಬಟ್ಟೆಯ ಥಾನು ಸುತ್ತಿ ಬರುವ ರಟ್ಟಿನ ಹಲಗೆಗಳು. ಗಟ್ಟಿ, ಸಪಾಟು. ಅವನು ಅವನ್ನು ಒಲೆಗೆ ಹಾಕುತ್ತಿದ್ದ.

"ಇದನ್ನ ಹದಿನೈದು ವರ್ಷದಿಂದ ಒಲೆಗೆ ಹಾಕ್ತಿದ್ದೀರಾ?" ಎಂದೆ.

"ಯಾರೂ ಕೇಳ್ಲಿಲ್ಲಮ್ಮ. ನಿಮ್ಮಕ್ಕ ಬಂದ್ರೆ ಬಟ್ಟೆ ಕೊಟ್ಟು, ಅಳತೆ ಚೀಟಿ ಕೊಟ್ಟು, ನಮಸ್ಕಾರ ಹೇಳಿ ಹೋಗ್ತಿದ್ರು. ನೀವು ಬಂದ್ರೆ ನಿಮ್ಮ ಮಾತಲ್ಲಿ ನಾನು ಎರಡು ತೋಳು ತಪ್ಪು ಹೊಲೀತೀನಿ."

ಪುಸ್ತಕದ ಬೆನ್ನಿಗೆ ಬಟ್ಟೆ ಅವನ ಕತ್ತರಿ ಚೂರುಗಳಲ್ಲೇ ಸಿಕ್ಕಿತು. ಅಂಟಿಗೆ ಇಸ್ತ್ರಿಯವನ ಗಂಜಿ. ಮುದ್ರಣದಂಗಡಿಯವನು ಕತ್ತರಿಸಿ ಬಿಸಾಡುವ ಅಂಚಿನ ಕಾಗದ ಚೀಲ ತುಂಬಾ. ಭಾರ ಇಡಲು ಇಸ್ತ್ರಿಯವನದೇ ಹಿಡಿ ಮುರಿದ ಹಳೆಯ ಇಸ್ತ್ರಿಪೆಟ್ಟಿಗೆಗಳು. ಒಂದು ಬೀದಿಯೊಳಗೆ ಇಡೀ ಕಾರ್ಖಾನೆ ಬಿದ್ದುಕೊಂಡಿತ್ತು, ಜೋಡಿಸುವವರಿರಲಿಲ್ಲ.

ಮುಖ ಊದಿದ್ದು ಇಳಿದಿದೆ. ಆ ಈಜುಕೊಳದವರು ಏನು ಮಾತಾಡಿಕೊಳ್ಳುತ್ತಾರೆ, ಬರೆ.

ತಂಗಿ


ಮಾರ್ಚ್ ೩

ತುತ್ತೂರಿ,

ಗ್ರಂಥಪಾಲಕರು ಮೊದಲೂ ನಗುತ್ತಿದ್ದರು. ಶಬ್ದ ಮಾಡದೆ ನಗುತ್ತಿದ್ದರು, ಅಷ್ಟೇ.

ರಟ್ಟು, ಬಟ್ಟೆ, ಅಂಟು, ಎಲ್ಲವನ್ನೂ ನಾನು ಪೇಟೆಯಿಂದ ಬಸ್ಸಿನಲ್ಲಿ ಹೋಗಿ ತರುತ್ತಿದ್ದೆ. ಅಲ್ಲಿ ಸಾಮಾನು ಎದುರಿಗೆ ಹರವಿರುತ್ತದೆ, ಬೇಕಾದ್ದನ್ನು ಎತ್ತಿಕೊಂಡು ದುಡ್ಡು ಕೊಟ್ಟರಾಯಿತು. ದರ್ಜಿಯ ಹಿಂದಿನ ಕೋಣೆಯಲ್ಲಿ ಏನಿದೆ ಎಂದು ನಾನು ಇಣುಕಿದವಳಲ್ಲ. ಇಸ್ತ್ರಿಯವನ ಗಂಜಿಗೆ ಜಿರಲೆ ಬರುತ್ತದೆ.

ಆ ಮೇಜಿನ ಎಡಗಾಲು ಕುಂಟು. ಅದರ ಕೆಳಗೆ ನಾನಿಟ್ಟ ಮಡಿಸಿದ ಕಾಗದ ಇದೆ. ತೆಗೆಯಬೇಡ. ಕುರ್ಚಿಯನ್ನು ಕಿಟಕಿಗೆ ಬೆನ್ನು ಮಾಡಿ ಹಾಕಿದ್ದೀಯೋ, ಬಾಗಿಲಿಗೋ? ನಾನು ಬಾಗಿಲಿಗೆ ಮುಖ ಮಾಡಿ ಕೂರುತ್ತಿದ್ದೆ. ಪತ್ರಿಕೆ ಓದುವ ಮುದುಕರು ನಿನ್ನನ್ನು ಮಾತಾಡಿಸುತ್ತಾರೆಯೇ? ನನ್ನನ್ನು ಮಾತಾಡಿಸಿದ್ದಿಲ್ಲ. ಕೈಯೆತ್ತುತ್ತಿದ್ದರು.

ಈಜುಕೊಳದ ಹೆಂಗಸರಲ್ಲಿ ಒಬ್ಬಾಕೆ ಈ ವಾರ ಕೆಂಪು ಟೋಪಿ ಹಾಕಿದ್ದಾಳೆ. ಗಿಡದ ಅಂಗಡಿಯವನು ಕುಂಡಗಳನ್ನು ಎತ್ತರದ ಪ್ರಕಾರ ಜೋಡಿಸಿದ್ದಾನೆ. ಇಲ್ಲಿ ಎಲ್ಲ ಅಚ್ಚುಕಟ್ಟು.

ಅಕ್ಕ


ಮಾರ್ಚ್ ೨೦

ಅಕ್ಕ,

ಕುರ್ಚಿ ಕಿಟಕಿಗೆ ಮುಖ ಮಾಡಿದೆ. ಹಿಂದಿನಿಂದ ಯಾರು ಬಂದರೂ ನನಗೆ ಗೊತ್ತಾಗುತ್ತದೆ, ಚಪ್ಪಲಿ ಸದ್ದಿನಲ್ಲೇ. ಮುದುಕರು ಮಾತಾಡುತ್ತಾರೆ, ಮಾತಾಡಿ ಮಾತಾಡಿ ಕಿವಿ ತೂತು ಮಾಡುತ್ತಾರೆ. ಹಿಂದೆ ಅವರು ಹಡಗಿನಲ್ಲಿ ಅಡುಗೆಯವರಂತೆ. ನಿನಗೆ ಹೇಳಿಲ್ಲವೇ?

ಈಗ ಭಾನುವಾರ ಆ ಮೇಜಿನಲ್ಲಿ ಪುಸ್ತಕ ಮಾತ್ರ ಅಲ್ಲ. ಬೀದಿಯವರು ಮುರಿದದ್ದು ಹರಿದದ್ದು ತರುತ್ತಾರೆ. ಚಪ್ಪಲಿಯವನು ಛತ್ರಿ ಕಡ್ಡಿ ಕಟ್ಟುತ್ತಾನೆ, ದರ್ಜಿ ಕುರ್ಚಿಯ ಬಟ್ಟೆ ಬದಲಿಸುತ್ತಾನೆ, ಬೇಕರಿಯವಳು ಎಲ್ಲರಿಗೂ ಅಂಚು ಸುಟ್ಟ ಬಿಸ್ಕತ್ತು ತರುತ್ತಾಳೆ. "ಮಾರಕ್ಕಾಗಲ್ಲ, ಬಿಸಾಡಕ್ಕೆ ಮನಸ್ಸಿಲ್ಲ, ನಿಮಗೇ ಸರಿ" ಎನ್ನುತ್ತಾಳೆ. ಹೊರಗಿಂದ ಏನೂ ತರುವಂತಿಲ್ಲ, ಬೀದಿಯಲ್ಲಿ ಇರುವುದರಲ್ಲೇ ಆಗಬೇಕು ಎಂದು ನಾನೇ ಶಾಸನ ಹಾಕಿದ್ದೇನೆ. ಒಂದು ಚೂರೂ ಹಾಳು ಮಾಡುವುದಿಲ್ಲ. ದರ್ಜಿಯ ರಟ್ಟು ಉದ್ದಕ್ಕೆ ಸಾಲದಿದ್ದರೆ ಅಡ್ಡಕ್ಕೆ ತಿರುಗಿಸಿ ಕತ್ತರಿಸುತ್ತೇನೆ.

ಆದರೆ ಒಂದು ಕಷ್ಟ ಬಂದಿದೆ, ಅದಕ್ಕೇ ಅವಸರದಲ್ಲಿ ಬರೆಯುತ್ತಿದ್ದೇನೆ. ನಾನು ರಟ್ಟು ಹಾಕಿದ ಪುಸ್ತಕಗಳು ಒಣಗಿದ ಮೇಲೆ ಬಾಗುತ್ತಿವೆ. ಎಲ್ಲವೂ ಅಲ್ಲ, ಕೆಲವು. ಯಾಕೆ ಕೆಲವು ಎಂದು ತಿಳಿಯುತ್ತಿಲ್ಲ. ಮೇ ಮೊದಲ ವಾರ ವಾಚನಾಲಯದ ಸಮಿತಿಯವರು ಬರುತ್ತಾರೆ. ಕೆಲಸ ಮೆಚ್ಚಿದರೆ ಈ ಮೇಜಿಗೆ ಒಬ್ಬರನ್ನು ಸಂಬಳಕ್ಕೆ ತೆಗೆದುಕೊಳ್ಳುತ್ತಾರಂತೆ. ಅಕ್ಕ, ನನಗೆ ಆ ಕೆಲಸ ಬೇಕು. ನೀನು ಬಂದಾಗ ಏನು ಎಂದು ಆಮೇಲೆ ನೋಡೋಣ. ಪುಸ್ತಕ ಯಾಕೆ ಬಾಗುತ್ತದೆ? ನಿನ್ನ ಒಂದು ಪುಸ್ತಕವೂ ಬಾಗಿಲ್ಲ.

ತಂಗಿ


ಮಾರ್ಚ್ ೨೯

ತಂಗಿ,

ಗಂಜಿ ಗಟ್ಟಿಯಾಗಿರಬೇಕು. ತೆಳ್ಳಗೆ ಮಾಡು. ಹೆಚ್ಚು ಹೊತ್ತು ಭಾರ ಇಡು. ಪೇಟೆಯ ಸಾಮಾನಾಗಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಹೇಳಲಾರೆ, ಆದರೆ ಬೀದಿಯಲ್ಲಿ ಹೆಕ್ಕಿದ್ದರಿಂದ ಎಲ್ಲವೂ ಆಗುತ್ತದೆ ಎನ್ನುವುದು ನಿನ್ನ ಹುರುಪು. ಕೆಲವು ಕೆಲಸ ಕೆಲವರ ಕೈಗೆ ಕೂರುವುದಿಲ್ಲ.

ಅವರು ಹಡಗಿನಲ್ಲಿ ಅಡುಗೆಯವರೆಂದು ನನಗೆ ಗೊತ್ತಿರಲಿಲ್ಲ.

ಅಕ್ಕ


ಮೇ ೮

ಅಕ್ಕ,

ಸಮಿತಿಯವರು ಬಂದು ಹೋದರು. ನಿನ್ನ ಮಾತಿನಂತೆ ಗಂಜಿ ತೆಳ್ಳಗೆ ಮಾಡಿದ್ದೆ. ತೆಳ್ಳಗಾದಷ್ಟೂ ನೀರು ಹೆಚ್ಚು, ನೀರು ಹೆಚ್ಚಾದಷ್ಟೂ ರಟ್ಟು ಬಾಗಿತು. ಇಸ್ತ್ರಿಪೆಟ್ಟಿಗೆಗಳನ್ನು ಎತ್ತಿದ ತಕ್ಷಣ ಪುಸ್ತಕಗಳು ಉಸಿರು ಬಿಟ್ಟ ಹಾಗೆ ಮೇಲೆದ್ದವು.

ಸಮಿತಿಯಲ್ಲಿ ದಪ್ಪ ಕನ್ನಡಕದ ಹೆಂಗಸೊಬ್ಬಳಿದ್ದಳು. ನನ್ನ ಒಂದು ಪುಸ್ತಕವನ್ನು ಮೇಜಿನ ಮೇಲಿಟ್ಟು ಅಂಚನ್ನು ಬೆರಳಿನಿಂದ ಒತ್ತಿದಳು. ಪುಸ್ತಕ ತೂಗಿತು. "ಇದೇನು, ತೊಟ್ಟಿಲಾ?" ಎಂದಳು. ಎಲ್ಲರೂ ನಕ್ಕರು. ಚಪ್ಪಲಿಯವನು, ದರ್ಜಿ, ಬೇಕರಿಯವಳು, ಮೂವರೂ ನನಗೆ ಬಲ ಎಂದು ಹಿಂದೆ ಬಂದು ನಿಂತಿದ್ದರು, ಅವರು ನಗಲಿಲ್ಲ. ಅದೇ ಹೆಚ್ಚು ನೋವಾಯಿತು.

"ಮೊದಲಿನವರು ಮಾಡಿದ್ದು ಇದ್ಯಾ?" ಎಂದು ಕೇಳಿದರು. ಗ್ರಂಥಪಾಲಕರು ಕಪಾಟಿನಿಂದ ನಿನ್ನದೊಂದು ತಂದಿಟ್ಟರು. ಅದು ಮೇಜಿಗೆ ಅಂಟಿಸಿದ ಹಾಗೆ ಮಲಗಿತು.

"ಹಾಗಾದ್ರೆ ಅವರೇ ಬರ್ಲಿ. ಅಲ್ಲೀವರ್ಗೂ ಖಾಲಿ ಇರ್ಲಿ."

ನಿನಗೆ ಸಂತೋಷವಾಗಿರಬೇಕು. ಮೇಜು ಹಾಗೇ ಇರುತ್ತದೆ.

ಅವರು ಹೋದ ಮೇಲೆ ನಾನು ನಿನ್ನ ಆ ಪುಸ್ತಕ ತೆಗೆದುಕೊಂಡು, ರಟ್ಟಿನ ಒಳಮೈಯ ಕಾಗದವನ್ನು ಬ್ಲೇಡಿನಿಂದ ಬಿಡಿಸಿದೆ. ಒಳಗೆ ಸೀಸದ ಕಡ್ಡಿಯಲ್ಲಿ ಒಂದು ಸಣ್ಣ ಬಾಣ. ಇನ್ನೊಂದು ಬಿಡಿಸಿದೆ. ಬಾಣ. ಎಲ್ಲವೂ ಬೆನ್ನಿನ ಉದ್ದಕ್ಕೆ, ಮೇಲ್ಮುಖ. ನಿನ್ನ ಡ್ರಾಯರಿನ ಚೂರುಗಳ ಮೇಲೂ ಇದ್ದವು. ಯಾವ ಕಡೆ ಮೇಲೆ ಎಂಬ ಗುರುತು ಅಂದುಕೊಂಡಿದ್ದೆ. ಒಂದು ಚೂರನ್ನು ಕೈಯಲ್ಲಿ ಬಗ್ಗಿಸಿ ನೋಡಿದೆ. ಬಾಣದ ಜೊತೆಗೆ ಸುರುಳಿ ಸುತ್ತಿದರೆ ಬಟ್ಟೆಯ ಹಾಗೆ ಬಂತು. ಅಡ್ಡಕ್ಕೆ ಸುತ್ತಹೋದರೆ ಮೊಂಡುಬಿದ್ದು ಮುರಿಯಿತು. ರಟ್ಟಿಗೂ ಮರದ ಹಾಗೆ ಎಳೆ ಇದೆ. ನಾನು ಉಳಿಸಲೆಂದು ಅಡ್ಡಕ್ಕೆ ಕತ್ತರಿಸಿದವು ಮಾತ್ರ ಬಾಗಿವೆ. ಅಡ್ಡಕ್ಕೆ ಕತ್ತರಿಸುತ್ತೇನೆ ಎಂದು ನಾನು ನಿನಗೆ ಬರೆದಿದ್ದೆ. ನೀನು ಓದಿದ್ದೆ.

ಹೇಳಲು ಮರೆತೆಯಾ?

ತಂಗಿ


ಮೇ ೧೯

ಮರೆತಿರಲಿಲ್ಲ.

ಅಕ್ಕ


ಜುಲೈ ೨

ಅಕ್ಕ,

ನಿನಗೆ ಬರೆಯಬಾರದು ಎಂದು ತೀರ್ಮಾನಿಸಿದ್ದೆ. ಮೂರು ಸಲ ಬರೆದು ಹರಿದೆ. ಬೈಗಳು ಚೆನ್ನಾಗಿ ಬಂದಿದ್ದವು, ಇಟ್ಟುಕೊಳ್ಳಬೇಕಿತ್ತು.

ಹೋದ ವಾರ ಬೀದಿಗೆ ಹೊಸ ಎಲೆಕ್ಟ್ರಿಷಿಯನ್ ಬಂದ. ನಾನು ಬಲ್ಬು ತರಲು ಹೋದಾಗ ಅವನು ಏನೋ ಕೇಳಿದ. ಪಕ್ಕದಲ್ಲಿ ಬೀಡಿ ಸೇದುತ್ತಿದ್ದ ಚಪ್ಪಲಿಯವನು ಅವನ ತೋಳು ಹಿಡಿದು ಹೇಳಿದ: "ಹಾಗಲ್ಲಪ್ಪ. ಆ ಮನೆಯವರು ಬಂದ್ರೆ ಮೊದಲು ಮರ ತಟ್ಬೇಕು, ಅವರು ತಿರುಗಿದ ಮೇಲೆ ಮಾತಾಡ್ಬೇಕು."

"ಯಾಕೆ?" ಎಂದು ನಾನೇ ಕೇಳಿದೆ.

ಅವನು ಬೀಡಿಯನ್ನು ಬೆನ್ನ ಹಿಂದೆ ಹಿಡಿದುಕೊಂಡ. "ನಿಮ್ಮಕ್ಕನಿಗೆ ಕಿವಿ ಕೇಳ್ಸಲ್ವಲ್ಲ. ನಿಮಗೂ ಹಾಗೇ ಅಂದ್ಕೊಂಡ್ವಿ."

"ನನಗೆ ಯಾಕೆ ಹಾಗೆ ಅಂದ್ಕೊಂಡ್ರಿ?"

"ನೀವು ಅಷ್ಟು ಜೋರಾಗಿ ಮಾತಾಡ್ತೀರಲ್ಲ. ಕಿವಿ ಮಂದ ಇರೋರೇ ಹಾಗೆ ಕೂಗೋದು."

ಆರು ತಿಂಗಳು ಅಕ್ಕ. ಆರು ತಿಂಗಳು ಇಡೀ ಬೀದಿ ನನ್ನನ್ನು ಕಿವುಡಿ ಎಂದು ತಿಳಿದಿತ್ತು. ಮುದುಕರು ಕಿವಿ ತೂತಾಗುವ ಹಾಗೆ ಕೂಗುತ್ತಿದ್ದುದು ಅದಕ್ಕೆ. ನಾನು ಅಲ್ಲೇ ಬಲ್ಬು ಹಿಡಿದುಕೊಂಡು ನಕ್ಕೆ, ನಕ್ಕು ಮುಗಿಯುವ ಹೊತ್ತಿಗೆ ಕಣ್ಣಲ್ಲಿ ನೀರು ಬಂತು.

ಯಾವಾಗಿನಿಂದ? ಅಮ್ಮ ನಿನ್ನದು ಜಾಣಕಿವುಡು ಎನ್ನುತ್ತಿದ್ದಳು, ಕರೆದರೆ ಬರುವುದಿಲ್ಲ ಎಂದು. ನಾನೂ ಹಾಗೇ ಅಂದುಕೊಂಡೆ. ಫೋನ್ ಲೈನು ಸರಿಯಿಲ್ಲ ಎಂದರೆ ಅದನ್ನೂ ನಂಬಿದೆ.

ಮನೆಗೆ ಬಂದು ನಿನ್ನ ಪತ್ರಗಳನ್ನು ಮತ್ತೆ ಓದಿದೆ. ಟೋಪಿಯ ಬಣ್ಣ ಇದೆ. ಕ್ರೇನಿನ ಕೊಕ್ಕು ಇದೆ. ಬೋರ್ಡಿನ ಅಕ್ಷರ ಇದೆ. ಯಾರೂ ಬಾಯಿ ತೆರೆಯುವುದಿಲ್ಲ. ಅಷ್ಟು ದೊಡ್ಡ ಊರಿನಲ್ಲಿ ಒಬ್ಬರಾದರೂ ನಿನಗೆ "ಸ್ವಲ್ಪ ಸರೀರಿ" ಅನ್ನಬೇಡವೇ? ನೀನು ಆ ಗ್ರಂಥಾಲಯದ ಒಳಗೆ ಹೋಗಿಲ್ಲ. ಈಜುಕೊಳವನ್ನು ನಾಲ್ಕನೆಯ ಮಹಡಿಯಿಂದ ನೋಡಿದ್ದೀಯ. ನಾನು ಇಲ್ಲಿ ಕೂತು ಯಾವ ಊರಿನ ಮೇಲೆ ಹೊಟ್ಟೆ ಉರಿದುಕೊಂಡೆನೋ ಆ ಊರು ಒಂದು ಕಿಟಕಿಯ ಗಾಜಿನಷ್ಟು ಇತ್ತು.

ಈ ಬೀದಿಯವರು ನಿನ್ನ ಬಗ್ಗೆ ಮಾತಾಡುತ್ತಿದ್ದುದನ್ನು ಕೇಳಿಯೂ ನನಗೆ ಹೊಟ್ಟೆ ಉರಿಯುತ್ತಿತ್ತು. ಏನು ಮರ್ಯಾದೆ, ಏನು ಪ್ರೀತಿ ಎಂದು. ಬಾಗಿಲಿಗೆ ಮುಖ ಮಾಡಿ ನೀನು ಯಾಕೆ ಕೂರುತ್ತಿದ್ದೆ ಎಂದು ಈಗ ತಿಳಿಯಿತು. ಹಿಂದಿನಿಂದ ಬಂದವರು ನಿನಗೆ ಗೊತ್ತಾಗುತ್ತಿರಲಿಲ್ಲ.

ಬಾಣದ ವಿಷಯ ನಾನು ಕ್ಷಮಿಸಿಲ್ಲ. ಅದು ಬೇರೆ, ಇದು ಬೇರೆ.

ಆದರೆ ಕೇಳು. ಇಲ್ಲಿ ತಟ್ಟುವುದನ್ನು ಮೊದಲು ಶುರುಮಾಡಿದ್ದು ಯಾರು ಎಂದು ಚಪ್ಪಲಿಯವನನ್ನು ಕೇಳಿದೆ. "ಅವರೇ ಹೇಳಿದ್ರು. ಮೊದಲನೇ ದಿನ. ಒಂದು ಸಲ ನನಗೆ ಹೇಳಿದ್ರು, ಮಿಕ್ಕೋರಿಗೆ ನಾನು ಹೇಳ್ದೆ" ಎಂದ. ಅಂದರೆ ಹದಿನೈದು ವರ್ಷದ ಹಿಂದೆ ನಿನಗೆ ಆ ಧೈರ್ಯ ಇತ್ತು. ಹೇಳಿದ್ದು ಒಬ್ಬನಿಗೆ, ಒಂದು ಸಲ. ನಿನ್ನ ಮೆಟ್ಟಿಲ ಬುಡದಲ್ಲಿ ಗಡಿಯಾರದವನಿದ್ದಾನೆ. ಅವನ ಮುಂದೆ ಮರದ ಮೇಜು ಇದ್ದೇ ಇರುತ್ತದೆ. ಬೀದಿಯಲ್ಲಿ ಇರುವುದರಲ್ಲೇ ಆಗಬೇಕು ಎಂಬುದು ನನ್ನ ಶಾಸನ, ನಿನ್ನ ಬೀದಿಗೂ ಅನ್ವಯಿಸುತ್ತದೆ.

ಸಮಿತಿಯವರು ವರ್ಷದ ಕೊನೆಗೆ ಇನ್ನೊಮ್ಮೆ ಬರುತ್ತಾರೆ. ಗ್ರಂಥಪಾಲಕರು ಬೇಡಿಕೊಂಡರು. ಬಾಗಿದವನ್ನೆಲ್ಲ ಬಿಚ್ಚಿ ಹಾಕಿದ್ದೇನೆ. ರಟ್ಟಿನ ಎಳೆ ಬಗ್ಗಿಸಿದರೆ ತಿಳಿಯುತ್ತದೆ. ಕಾಗದದ್ದು ಹೇಗೆ?

ತುತ್ತೂರಿ


ಆಗಸ್ಟ್ ೧೧

ತುತ್ತೂರಿ,

ಮೊದಲು ಕೆಲಸದ ಮಾತು. ಕಾಗದದ ಒಂದು ಮೂಲೆಯನ್ನು ಚೌಕಾಕಾರವಾಗಿ ಕತ್ತರಿಸಿ ಒಂದು ಮೈ ಮಾತ್ರ ಒದ್ದೆ ಮಾಡು. ಅದು ತಾನಾಗಿ ಸುರುಳಿಯಾಗುತ್ತದೆ. ಸುರುಳಿಯ ಉದ್ದ ಯಾವ ಕಡೆಗೋ ಎಳೆ ಆ ಕಡೆಗೆ. ಒಣಗುವ ಮುಂಚೆ ದೊಡ್ಡ ಹಾಳೆಯ ಮೇಲೆ ಬಾಣ ಹಾಕು, ಆಮೇಲೆ ಹಾಕುತ್ತೇನೆ ಎಂದರೆ ಮರೆಯುತ್ತೀಯ. ಬಟ್ಟೆ, ರಟ್ಟು, ಕಾಗದ, ಮೂರರ ಎಳೆಯೂ ಬೆನ್ನಿನ ಉದ್ದಕ್ಕೆ ಬರಬೇಕು. ಅಡ್ಡ ಎಳೆಯ ಚೂರು ಹಾಳಾಗುತ್ತದೆ ಎಂದು ಸಂಕಟಪಡಬೇಡ, ಸಣ್ಣ ಪುಸ್ತಕಕ್ಕೆ ತಿರುಗಿಸಿ ಬಳಸಬಹುದು. ಗಂಜಿ ಮೊದಲಿನ ಹಾಗೇ ಗಟ್ಟಿಯಾಗಿರಲಿ. ಅದು ಸರಿಯಾಗಿತ್ತು. ಜಿರಲೆಯ ಮಾತೂ ನಾನು ಸುಮ್ಮನೆ ಹೇಳಿದ್ದು.

ನಿನ್ನ ಪತ್ರಗಳಲ್ಲಿ ಎಲ್ಲರೂ ಮಾತಾಡುತ್ತಾರೆ. ದರ್ಜಿಗೆ ತಮಾಷೆ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹದಿನೈದು ವರ್ಷ ಅವನ ಎದುರಿಗೆ ನಿಂತು ಅಳತೆ ಕೊಟ್ಟಿದ್ದೇನೆ, ಅವನ ತುಟಿಯ ನಡುವೆ ಯಾವಾಗಲೂ ಗುಂಡುಸೂಜಿ ಇರುತ್ತಿತ್ತು, ಏನು ಹೇಳುತ್ತಿದ್ದಾನೆ ಎಂದು ಓದಲಾಗುತ್ತಿರಲಿಲ್ಲ. ನೀನು ಒಂದು ತಿಂಗಳಲ್ಲಿ ಅವನ ಹಿಂದಿನ ಕೋಣೆಗೆ ಹೋದೆ. ಅದನ್ನು ಓದಿದಾಗ ನನಗೆ ಏನಾಯಿತು ಎಂದು ಬರೆಯಲು ಬರುವುದಿಲ್ಲ. ಕದ್ದ ಹಾಗೆ ಅನ್ನಿಸಿತು. ನನ್ನದಲ್ಲದ್ದನ್ನು ನನ್ನಿಂದ ಕದ್ದ ಹಾಗೆ.

ನೀನು ಅಡ್ಡಕ್ಕೆ ಕತ್ತರಿಸುತ್ತೇನೆ ಎಂದು ಬರೆದ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದೆ. ಕಿಟಕಿಯ ಹೊರಗೆ ಹಳದಿ ಕ್ರೇನು ಅರ್ಧಕ್ಕೆ ನಿಂತಿತ್ತು. ಆಮೇಲೆ ಗಂಜಿಯ ವಿಷಯ ಬರೆದೆ.

ನಿನ್ನ ಭಾವನಿಗೆ ಗೊತ್ತು, ಆದರೆ ಎಷ್ಟೆಂದು ಗೊತ್ತಿಲ್ಲ. ಅವರು ಎದುರು ಕೂತು ನಿಧಾನವಾಗಿ ಮಾತಾಡುವವರು. ಕೇಳಿಸುವುದು ಇನ್ನೂ ಕಡಿಮೆಯಾದದ್ದು ಅವರ ಗಮನಕ್ಕೆ ಬಂದಿಲ್ಲ. ಸಾಮಾನೆಲ್ಲ ಅವರೇ ತಂದುಬಿಡುತ್ತಾರೆ. ಎರಡು ಸಲ ನಾನು ಕೆಳಗಿಳಿದಿದ್ದೆ, ಇಲ್ಲಿಗೆ ಬಂದ ಹೊಸದರಲ್ಲಿ. ಗಿಡದ ಅಂಗಡಿಯಲ್ಲಿ ಹಿಂದಿನಿಂದ ಯಾರೋ ದಾರಿ ಬಿಡಿ ಎಂದಿದ್ದಾರೆ, ನಾನು ಬಿಟ್ಟಿಲ್ಲ. ಕೈಗಾಡಿ ನನ್ನ ಹಿಮ್ಮಡಿಗೆ ತಾಗಿತು. ಗಾಡಿಯವನ ಬಾಯಿ ಬೈಯುತ್ತಿರುವುದು ಮಾತ್ರ ಕಂಡಿತು. ಆಮೇಲೆ ಇಳಿಯಲಿಲ್ಲ.

ನಿನ್ನ ಜುಲೈ ಪತ್ರ ಬಂದ ಮೇಲೂ ಇಳಿಯಲಿಲ್ಲ. ಒಬ್ಬನಿಗೆ ಹೇಳಿದ ಮಾತನ್ನು ಬೀದಿಯೆಲ್ಲ ಹಂಚುವುದಕ್ಕೆ ಇಲ್ಲಿ ಚಪ್ಪಲಿಯವನಿಲ್ಲ ಎಂದು ನಿನಗೆ ಬರೆಯಲು ಕೂತೆ. ಬರೆಯುವಾಗ ಕೈಗಡಿಯಾರ ನೋಡಿದರೆ ನಿಂತುಹೋಗಿತ್ತು. ನಗಬೇಡ. ನಿಜವಾಗಿ ನಿಂತಿತ್ತು. ನಿನ್ನ ಭಾವನ ಕೈಲಿ ಕೊಟ್ಟು ಕಳಿಸಬಹುದಿತ್ತು. ನಾನೇ ಇಳಿದೆ.

ಅಂಗಡಿ ನಮ್ಮ ಬಚ್ಚಲಷ್ಟಿದೆ. ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತಲೆ ತಗ್ಗಿಸಿ ಕೂತಿದ್ದ. ಗದ್ದ ಅಲ್ಲಾಡಿತು, ಏನೋ ಹೇಳಿದ, ಮೇಜಿಗೆ ಹೇಳಿದ. ನಾನು ನಿಂತೇ ಇದ್ದೆ. ಮತ್ತೆ ಹೇಳಿದ. ಆಗ ನಾನು ನನ್ನ ಗೆಣ್ಣಿನಿಂದ ಅವನ ಮೇಜು ತಟ್ಟಿದೆ. ತಲೆಯೆತ್ತಿದ. "ನನಗೆ ಕಿವಿ ಕೇಳ್ಸಲ್ಲ. ಹೀಗೆ ತಟ್ಟಿ, ನನ್ನ ಕಡೆ ನೋಡ್ಕೊಂಡು ಮಾತಾಡಿ" ಎಂದೆ. ನನ್ನ ದನಿ ಎಷ್ಟು ಜೋರಿತ್ತು ಎಂದು ನನಗೆ ತಿಳಿಯಲಿಲ್ಲ; ಹೊರಗೆ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ನಿನ್ನ ಅಕ್ಕನಲ್ಲವೇ.

ಅವನು ಭೂತಗನ್ನಡಿ ತೆಗೆದಿಟ್ಟ. ಮೇಜು ತಟ್ಟಿದ. ಮುಖ ಎತ್ತಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದ:

"ಬಾಗಿಲು ಹಾಕಿ. ಧೂಳು ಬರುತ್ತೆ."

ಈ ಊರಿನಲ್ಲಿ ನನಗೆ ಒಬ್ಬರು ಹೇಳಿದ ಮೊದಲ ಮಾತು ಇದು. ನಿನ್ನ ದರ್ಜಿಯ ಮಾತಿನಷ್ಟು ಚೆನ್ನಾಗಿಲ್ಲ. ಆದರೂ ಬರೆದಿದ್ದೇನೆ, ನೋಡು.

ಮೇಜಿನ ವಿಷಯ. ಆ ಕೆಲಸ ನಿನಗೆ ಸಿಗಲಿ. ಬಿಟ್ಟುಕೊಟ್ಟೆ ಎಂದು ತಿಳಿಯಬೇಡ. ನಾನು ಬಂದಾಗ ಇನ್ನೊಂದು ಕುರ್ಚಿ ಹಾಕಿಸಬೇಕು, ಬಾಗಿಲ ಕಡೆ ಮುಖ ಮಾಡುವ ಜಾಗ ನನ್ನದು. ಮೂವರೂ ನಿನ್ನ ಹಿಂದೆ ಬಂದು ನಿಂತಿದ್ದರು ಎಂದು ಬರೆದೆಯಲ್ಲ, ಅದನ್ನು ನಾನು ಇನ್ನೂ ಸಹಿಸಿಕೊಂಡಿಲ್ಲ. ಬರುವ ಹೊತ್ತಿಗೆ ಸಹಿಸಿಕೊಳ್ಳಬಹುದು.

ಅಪ್ಪ ನಿನ್ನನ್ನು ತುತ್ತೂರಿ ಎಂದಾಗ ನೀನು ಅಳುತ್ತಿದ್ದೆ. ಮನೆಯಲ್ಲಿ ಪೂರ್ತಿ ಕೇಳಿಸುತ್ತಿದ್ದ ದನಿ ನಿನ್ನದೊಂದೇ. ನಾನು ಆಗಲೂ ಹೇಳಲಿಲ್ಲ.

ಗಡಿಯಾರ ಇನ್ನೂ ಅವನ ಹತ್ತಿರ ಇದೆ. ನಿನ್ನೆ ಕೇಳಲು ಹೋಗಿದ್ದೆ, ಆಗಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಗಿಡದ ಅಂಗಡಿಯವನಿಗೆ ಅವನು ಏನೋ ಹೇಳಿದ, ಆತ ನನ್ನನ್ನು ನೋಡಿ ಬಾಗಿಲಿನ ಚೌಕಟ್ಟು ತಟ್ಟಿದ. ತೀರಾ ಮೆಲ್ಲಗೆ ತಟ್ಟುತ್ತಾನೆ, ಕುಂಡ ಒಡೆಯುತ್ತದೇನೋ ಎನ್ನುವ ಹಾಗೆ. ನಾಳೆ ಇಳಿದು ಹೇಳಬೇಕು.

ಅಕ್ಕ